ಹಿತ್ತಾಳೆಯ ಆನೆ ಹೊಳೆ ದಾಟಿತೇ?

ಎರೆನೆಲದಲ್ಲಿ ಬಿರುಕು ಕಂಡರೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಉಳಿದವರು ಅದನ್ನು ನೋಡದೆಯೇ ದಾಟಿ ಹೋಗುತ್ತಾರೆ. ನಾನು ಮಾತ್ರ ನಿಂತು, ಇದು ಕೃಷ್ಣೆಯೋ ತುಂಗಭದ್ರೆಯೋ ಎಂದು ಮೊದಲು ತೀರ್ಮಾನಿಸಿ, ತಿರುವು ಎಲ್ಲಿದೆ, ಕಿರಿದಾಗುವುದು ಎಲ್ಲಿ, ಒಂದು ದಂಡು ದಾಟಬೇಕಾದರೆ ಎಲ್ಲಿ ದಾಟೀತು ಎಂದು ಕಣ್ಣಿನಿಂದಲೇ ಅಳೆದು, ಆಮೇಲೆ ಹೆಜ್ಜೆ ಎತ್ತುತ್ತೇನೆ. ನನ್ನ ಸೊಸೆ ಇದನ್ನು ಮಂಡಿನೋವು ಎಂದು ತಿಳಿದು ಎಣ್ಣೆ ಕಾಯಿಸಿ ಕೊಡುತ್ತಾಳೆ. ಎಣ್ಣೆ ಹಿತವಾಗಿರುವುದರಿಂದ ಅವಳ ತಿಳಿವಳಿಕೆಯನ್ನು ತಿದ್ದಲು ಹೋಗಿಲ್ಲ. ಜಗತ್ತಿನ ಎಷ್ಟೋ ತಪ್ಪು ಇತಿಹಾಸಗಳು ಹೀಗೆಯೇ, ಯಾರಿಗೋ ಹಿತವಾಗಿದ್ದ ಕಾರಣಕ್ಕೆ, ತಿದ್ದುಪಡಿಯಿಲ್ಲದೆ ಉಳಿದಿರಬೇಕು.

ಈಗ ನಮ್ಮ ಸಾಲಗುಂದದ ಸುತ್ತ ಬಿರುಕು ನೋಡಬೇಕೆಂದರೂ ಸಿಗುವುದು ಕಷ್ಟ. ಕಾಲುವೆ ಬಂದ ಮೇಲೆ ನೆಲಕ್ಕೆ ಒಣಗುವ ಬಿಡುವೇ ಇಲ್ಲ. ಒಂದು ಭತ್ತ ಕೊಯ್ದು ಮುಗಿಯುವುದರೊಳಗೆ ಇನ್ನೊಂದರ ಸಸಿಮಡಿ ಹಸಿರಾಗಿರುತ್ತದೆ. ಬಿರುಕು ಬೇಕೆನಿಸಿದಾಗ ನಾನು ಪಾಮನಕಲ್ಲೂರಿನ ಕಡೆಯ ಒಣಬೇಸಾಯದ ಹೊಲಗಳಿಗೆ ಹೋಗುತ್ತೇನೆ. ಅಲ್ಲಿ ದೂರದ ಬೀಗರಿದ್ದಾರೆ. ಪ್ರತಿ ಬೇಸಿಗೆಯಲ್ಲಿ ಕರೆಯದೆಯೇ ಬಂದು, ಉಂಡು, ಬಿಸಿಲಿನಲ್ಲಿ ಹೊಲ ತಿರುಗಿ, ಸಂಜೆಯ ಬಸ್ಸಿಗೆ ಹೊರಟುಬಿಡುವ ಈ ಮುದುಕನದು ಬೀಗತನದ ಪ್ರೀತಿ ಎಂದು ಅವರು ನಂಬಿದ್ದಾರೆ. ಅದನ್ನೂ ನಾನು ತಿದ್ದಿಲ್ಲ.

ಈ ಚಟ ಹತ್ತಿಸಿದ್ದು ಒಂದು ಪುಸ್ತಕ. ಕಾಲುವೆಯ ಅಗೆತ ನಡೆದಿದ್ದ ವರ್ಷಗಳು ಅವು. ಲಿಂಗಸುಗೂರಿನ ಸಂತೆಯಲ್ಲಿ ತುಕ್ಕು ಹಿಡಿದ ಲಾಟೀನು, ಕೀಲಿಯಿಲ್ಲದ ಬೀಗ, ಹಿಡಿ ಮುರಿದ ಕೊಡಲಿಗಳನ್ನು ಗೋಣಿತಟ್ಟಿನ ಮೇಲೆ ಹರವಿ ಕೂಡುತ್ತಿದ್ದ ಗುಜರಿಯವನ ಬಳಿ ನನಗೆ ಕೆಂಪು ರಟ್ಟಿನ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. “ಕಾಲುವಿ ಇಂಜಿನಿಯರ್ ಸಾಹೇಬ್ರದು ರೀ. ವರ್ಗ ಆಗಿ ಹೋಗುವಾಗ ಬಿಟ್ಟು ಹೋಗ್ಯಾರ” ಎಂದ. ಮುಂದಿನ ಸಂತೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಈ ಸಲ ಪುಸ್ತಕ ಹಳೆಯ ದಂಡಿನ ಛಾವಣಿಯ ಕಾಲದ ಯಾರೋ ಗೋರಾ ಕಪ್ತಾನನದಾಗಿತ್ತು. ಒಂದೇ ಬಾಯಿ ಒಂದೇ ವಾರದಲ್ಲಿ ಎರಡು ಇತಿಹಾಸ ಹೇಳಿದ್ದನ್ನು ಕೇಳಿದ ಮೇಲೆ, ಅಚ್ಚಾದದ್ದರ ಮೇಲೂ ಆಡಿದ್ದರ ಮೇಲೂ ನನಗಿದ್ದ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ನನ್ನ ಓದು ನಾಲ್ಕನೆಯ ಇಯತ್ತೆಗೆ ನಿಂತದ್ದು. ಅದೂ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡವನ್ನು ನಮ್ಮಪ್ಪನ ಕಿರಾಣಿ ಅಂಗಡಿಗೆ ಪೊಟ್ಟಣ ಕಟ್ಟಲು ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ ಕಲಿತೆ. ಹೀಗಾಗಿ ಬಹಳ ವರ್ಷ ನನ್ನ ಕನ್ನಡಕ್ಕೆ ಆರಂಭವೂ ಅಂತ್ಯವೂ ಇರಲಿಲ್ಲ, ನಡುಭಾಗ ಮಾತ್ರ ಇತ್ತು. ಇಂಗ್ಲಿಷನ್ನು ನಿಘಂಟು ಹಿಡಿದುಕೊಂಡು, ಹೊಲದಲ್ಲಿ ಕಲ್ಲು ಆರಿಸಿದ ಹಾಗೆ, ಒಂದೊಂದೇ ಪದ ಎತ್ತಿ ಬದಿಗಿಟ್ಟು ಓದಿದೆ. ಆ ಕೆಂಪು ಪುಸ್ತಕ ಮುಗಿಸಲು ನನಗೆ ಒಂದಿಡೀ ಮಳೆಗಾಲ ಹಿಡಿಯಿತು.

ಅದರಲ್ಲಿದ್ದದ್ದು ಇಷ್ಟು. ಬರೆದವನು ದೂರದೇಶದ ಒಬ್ಬ ಮುದುಕ. ಎಳೆತನದಲ್ಲಿ ಅವನೂ ಅವನ ಗೆಳೆಯನೂ ಸೀಸದ ಸಣ್ಣ ಸಣ್ಣ ಸಿಪಾಯಿಗಳಿಗೆ ಬಣ್ಣ ಬಳಿದು, ದೊಡ್ಡ ಮೇಜಿನ ಮೇಲೆ ಮರಳಿನ ಗುಡ್ಡ, ಹಸಿರು ಬಟ್ಟೆಯ ಕಾಡು ಹೂಡಿ, ಹಿಂದೆ ಎಂದೋ ನಡೆದುಹೋದ ಯುದ್ಧಗಳನ್ನು ನಿಯಮ ಕಟ್ಟಿ ಮತ್ತೆ ಆಡುತ್ತಿದ್ದರು. ದೊಡ್ಡವರಾದ ಮೇಲೂ ಬಿಡಲಿಲ್ಲ. ಗಡ್ಡ ಬೆಳ್ಳಗಾಗುವವರೆಗೆ ಆಡಿ, ಆಮೇಲೆ ಆ ಆಟದ ನೆನಪನ್ನು ಪುಸ್ತಕವಾಗಿ ಬರೆದಿದ್ದ. ಯುದ್ಧದ ಬಗೆಗಿನ ಪುಸ್ತಕವೆಂದು ಕೊಂಡ ನನಗೆ ಪುಟಪುಟದಲ್ಲೂ ಎದುರಾದದ್ದು ಬಣ್ಣದ ವಾಸನೆ, ಚಹದ ಲೋಟ, ಗೆಳೆಯನ ಕೆಮ್ಮು.

ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು, ನಂಬಿಕೆ ಹುಟ್ಟಲಿಲ್ಲ. ಅವನ ಪ್ರಕಾರ ಪ್ರತಿ ಶನಿವಾರ ಮಧ್ಯಾಹ್ನ ಮಳೆ ಬರುತ್ತಿತ್ತು, ಅದಕ್ಕೇ ಒಳಗೆ ಕೂತು ಆಡುತ್ತಿದ್ದರು. ಒಂದು ಶನಿವಾರವೂ ಬಿಸಿಲು ಬೀಳದ ದೇಶವಿದೆಯೇ? ಮುಂದೆ ಹೈದರಾಬಾದಿನ ಫುಟ್‌ಪಾತಿನ ಹಳೆ ಪುಸ್ತಕಗಳ ರಾಶಿಯಲ್ಲಿ ಇಂಥವೇ ಇನ್ನೂ ಕೆಲವು ನನಗೆ ಸಿಕ್ಕವು. ಎಲ್ಲದರಲ್ಲೂ ಶನಿವಾರಗಳು ಒದ್ದೆ. ಎಲ್ಲದರಲ್ಲೂ ಒಬ್ಬ ತಾಯಿ ಕಸಬರಿಗೆಯಿಂದ ಒಂದು ಸೈನ್ಯವನ್ನು ಗುಡಿಸಿ ಹಾಕುತ್ತಾಳೆ. ಎಲ್ಲದರಲ್ಲೂ ಬರೆದವನು ತಾನು ಸದಾ ಸೋಲುತ್ತಿದ್ದೆನೆಂದು ವಿನಯದಿಂದ ಹೇಳಿಕೊಂಡು, ವಿವರವಾಗಿ ವರ್ಣಿಸುವಾಗ ಮಾತ್ರ ತಾನು ಗೆದ್ದ ಆಟವನ್ನೇ ವರ್ಣಿಸುತ್ತಾನೆ. ಆ ಗೆಳೆಯನು ಬರೆದ ಪುಸ್ತಕ ಒಂದೂ ನನ್ನ ಕೈಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಲೆಕ್ಕ ಬೇರೆಯಾಗುತ್ತಿತ್ತೋ ಏನೋ.

ನನ್ನ ಗೆಳೆಯ ಅಮರಪ್ಪ. ಅವರ ಹೊಲ ನಮ್ಮ ಕೆಳಗಿನ ಹೊಲಕ್ಕೆ ಬದುವಿಗೆ ಬದು. ಓದಿನಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ, ವಾದದಲ್ಲಿ ಇತ್ತು. ಪುಸ್ತಕದ ಸಾರವನ್ನು ಅವನಿಗೆ ಹೇಳಿದಾಗ ಅವನು ಕೇಳಿದ ಮೊದಲ ಮಾತು: “ಮೇಜು ಎಲ್ಲೈತಲೇ ಪಂಪ್ಯಾ?”

ಮೇಜು ನಮ್ಮ ಊರಿನಲ್ಲಿ ಶಾಲೆಯಲ್ಲಿ ಒಂದು, ಪೊಲೀಸ್ ಪಾಟೀಲರ ಮನೆಯಲ್ಲಿ ಒಂದು. ಎರಡೂ ನಮಗೆ ದಕ್ಕುವಂಥವಲ್ಲ. ನಾವಿಬ್ಬರೂ ಕೆಳಗಿನ ಹೊಲದಲ್ಲಿ ನಿಂತಿದ್ದೆವು. ಬೇಸಿಗೆ. ಜೋಳದ ಕೂಳೆಯ ನಡುವೆ ನೆಲ ಬಾಯಿ ಬಿಟ್ಟುಕೊಂಡಿತ್ತು. ಎರಡು ದೊಡ್ಡ ಬಿರುಕುಗಳು ಪಡುವಣದಿಂದ ಮೂಡಣಕ್ಕೆ ಹರಿದು, ಮುಂದೆ ಒಂದಾಗಿದ್ದವು. ಅಮರಪ್ಪ ಬಡಗಣದ ಬಿರುಕನ್ನು ಕಾಲಬೆರಳಿನಿಂದ ತೋರಿಸಿ, “ಇದು ಕೃಷ್ಣಾ” ಎಂದ. ತೆಂಕಣದ್ದನ್ನು ನಾನು ತುಂಗಭದ್ರೆ ಎಂದೆ. ಎರಡು ಹೊಳೆಯ ನಡುವಿನ ನಮ್ಮ ದೋಆಬ ಅಲ್ಲಿಯೇ ಬಿದ್ದಿತ್ತು, ಯಾರೂ ಮಾಡಿದ್ದಲ್ಲ. ಆ ಇಂಗ್ಲಿಷ್ ಮುದುಕ ಮರಳು ಹೊತ್ತು ಮೇಜಿನ ಮೇಲೆ ಸುರಿದು ಮಾಡಿದ್ದನ್ನು ನಮಗೆ ಸೂರ್ಯ ಪುಕ್ಕಟೆಯಾಗಿ ಮಾಡಿಕೊಟ್ಟಿದ್ದ. ಮುಂಗಾರು ಬಿದ್ದರೆ ಬಿರುಕು ಮುಚ್ಚಿಕೊಂಡು ನಕ್ಷೆ ಅಳಿಸುತ್ತಿತ್ತು. ಮರುವರ್ಷ ಹೊಳೆಗಳು ಬೇರೆ ಕಡೆ ಹುಟ್ಟುತ್ತಿದ್ದವು. ಹೀಗೆ ನಮ್ಮ ಯುದ್ಧಕ್ಕೂ ಒಂದು ಋತು ಏರ್ಪಟ್ಟಿತು.

ಸಿಪಾಯಿಗಳನ್ನು ಮಣ್ಣಿನಲ್ಲಿ ಮಾಡಿದೆವು. ಎರೆಮಣ್ಣು ಗೊಂಬೆಗೆ ಒಗ್ಗುವುದಿಲ್ಲ, ಒಣಗುತ್ತಲೇ ಸೀಳುತ್ತದೆ. ಮೊದಲ ವರ್ಷದ ಪದಾತಿಗಳು ಯುದ್ಧಕ್ಕೆ ಮುಂಚೆಯೇ ಗಾಯಗೊಂಡಿದ್ದವು. ಆಮೇಲೆ ಹಳ್ಳದ ಕೆಮ್ಮಣ್ಣು ಬೆರೆಸುವುದನ್ನು ಕಲಿತೆವು. ಕುದುರೆಗಳನ್ನು ಮಾಡಲು ಮಾತ್ರ ಇಬ್ಬರಿಗೂ ಕೈ ಬರಲಿಲ್ಲ: ನಾನು ಮಾಡಿದ್ದು ಕತ್ತೆಯಾಗುತ್ತಿತ್ತು, ಅಮರಪ್ಪ ಮಾಡಿದ್ದು ಯಾವ ಪ್ರಾಣಿಯೂ ಆಗುತ್ತಿರಲಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆಗೆ ಅವ್ವ ಮಾಡಿ ಪೂಜಿಸಿದ ಎತ್ತುಗಳಿದ್ದವು, ಹಲವು ವರ್ಷಗಳವು. ಅವ್ವನ ಎತ್ತಿಗೆ ಕೊಂಬು, ಭುಜ, ಗಂಗೆದೊಗಲು ಎಲ್ಲ ಖಡಕ್ಕಾಗಿ ಮೂಡುತ್ತಿದ್ದವು. ಅವನ್ನೇ ಇಳಿಸಿ ಎರಡೂ ದಂಡಿಗೆ ಹಂಚಿದೆವು. ಅವ್ವ ಹೊಲಕ್ಕೆ ರೊಟ್ಟಿ ತಂದಾಗ ನೋಡಿಬಿಟ್ಟಳು.

“ಪೂಜಿ ಮಾಡಿದ ಎತ್ತ ದಂಡಿಗೆ ಕಳಿಸೀರೇನೋ ಮೂಳಗುಳಾ?”

“ಕುದುರಿ ಇಲ್ಲಬೇ ಅತ್ತಿ, ಏನ್ ಮಾಡೂದು?” ಎಂದ ಅಮರಪ್ಪ.

“ಎತ್ತಿನ ಮ್ಯಾಲ ಕೂತು ರಾಜ್ಯಾ ಗೆದ್ದವನ ನಾ ಕೇಳಿಲ್ಲ.” ಅವಳು ರೊಟ್ಟಿ ಗಂಟು ಇಟ್ಟು, ಹೋಗುವ ಮುಂಚೆ ಬಗ್ಗಿ, ಕೊಂಬು ಮುರಿದಿದ್ದ ಒಂದು ಎತ್ತನ್ನು ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. “ಇದಕ್ಕ ಸುಸ್ತಾಗೇತಿ. ಮನಿಗೆ ಒಯ್ತೀನಿ.”

ಆ ಮಾತಿನಿಂದ ನಮಗೊಂದು ನಿಯಮ ಹುಟ್ಟಿತು. ಪುಸ್ತಕದಲ್ಲಿ ಕುದುರೆ ಕಾಲಾಳಿಗಿಂತ ಎರಡರಷ್ಟು ದೂರ ಓಡಬಹುದಿತ್ತು. ನಮ್ಮ ಸವಾರರೂ ಓಡಬಹುದು, ಆದರೆ ಒಮ್ಮೆ ಓಡಿದ ಎತ್ತು ಮುಂದಿನ ಸರದಿಯಲ್ಲಿ ನಿಂತು ದಣಿವಾರಿಸಿಕೊಳ್ಳಬೇಕು. ಸುಗ್ಗಿಯಲ್ಲಿ ಎತ್ತು ಹೂಡಿ ಬಲ್ಲ ಇಬ್ಬರಿಗೂ ಇದರಲ್ಲಿ ತಕರಾರು ಬರಲಿಲ್ಲ. ಅಳತೆಗೆ ಗೇಣು ಹಿಡಿಯೋಣವೆಂದರೆ ಅಮರಪ್ಪನ ಅಂಗೈ ನನ್ನದಕ್ಕಿಂತ ದೊಡ್ಡದು; ಹೀಗಾಗಿ ಇಬ್ಬರಿಗೂ ಒಂದೇ ಜೋಳದ ದಂಟು. ಫಿರಂಗಿಯ ಗುಂಡು ಎಂದರೆ ಬೆರಳಿನಿಂದ ಚಿಮ್ಮುವ ಗುಲಗಂಜಿ. ಉಳಿದ ಸಂದೇಹಗಳಿಗೆಲ್ಲ ನಾಲ್ಕು ಹುಣಸೆಬೀಜದ ಹೋಳು: ಉಜ್ಜಿ ಬೆಳ್ಳಗಾದ ಮಗ್ಗಲು ಮೇಲೆ ಬಿದ್ದಷ್ಟೂ ಅದೃಷ್ಟ. ಹೋಳುಗಳನ್ನು ಯಾವಾಗಲೂ ಹಾಸಿದ ಹೆಗಲ ವಲ್ಲಿಯ ಮೇಲೆಯೇ ಚೆಲ್ಲತಕ್ಕದ್ದು. ಇದೂ ನಿಯಮವೇ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇಬ್ಬರು ದೊರೆಗಳು ಮಾತ್ರ ಮಣ್ಣಿನವರಲ್ಲ. ನನ್ನ ರಾಯನು ನಮ್ಮ ಅಂಗಡಿಯ ಒಂದು ಛಟಾಕಿನ ತೂಕದ ಕಲ್ಲು. ಕಿಲೋಗ್ರಾಮು ಬಂದು ಸೇರು ಛಟಾಕುಗಳು ರಾಜ್ಯ ಕಳೆದುಕೊಂಡಿದ್ದ ಹೊತ್ತು ಅದು. ಕೆಲಸವಿಲ್ಲದ ಕಬ್ಬಿಣವನ್ನು ನಾನು ಸಿಂಹಾಸನಕ್ಕೆ ಏರಿಸಿದೆ. ಅಮರಪ್ಪನ ಸುಲ್ತಾನ ಒಂದು ಹಿತ್ತಾಳೆಯ ಆನೆ. ಅವನ ತಾಯಿಯ ಕುಂಕುಮ ಭರಣಿಯ ಮುಚ್ಚಳದ ಮೇಲಿನ ಹಿಡಿಕೆ. ಹೇಗೋ ಕಳಚಿಕೊಂಡಿತ್ತು ಎಂದು ಅವನು ಹೇಳುತ್ತಿದ್ದ. ಕಳಚಿಕೊಂಡದ್ದೋ ಕಳಚಿದ್ದೋ ಎಂಬುದನ್ನು ನಾನು ವಿಚಾರಿಸಲಿಲ್ಲ.

ಸುಲ್ತಾನ ನನಗೇ ಬೇಕೆಂದು ಇಬ್ಬರೂ ಜಗಳಾಡಿದ್ದೆವು. ಗೆಲ್ಲುವುದು ಮೊದಲೇ ಅಚ್ಚಾಗಿರುವ ರಾಯನ ಕಡೆ ಆಡುವುದರಲ್ಲಿ ಸ್ವಾರಸ್ಯವೇನು? ನಾಣ್ಯ ಚಿಮ್ಮಿದಾಗ ನಾನು ಸೋತು, ಗೆಲ್ಲುವ ಪಕ್ಷ ನನ್ನ ಪಾಲಿಗೆ ಬಂತು.

ನಾವು ಆಡುತ್ತಿದ್ದದ್ದು ರಾಯಚೂರಿಗಾಗಿ ನಡೆದ ಆ ಹಳೆಯ ಯುದ್ಧ. ಪಠ್ಯಪುಸ್ತಕದ ವೃತ್ತಾಂತ ನಿಮಗೂ ಗೊತ್ತಿದ್ದೀತು: ಬಿಜಾಪುರದ ದಂಡು ಕೃಷ್ಣೆ ದಾಟಿ ಬಂತು, ಮೊದಲು ಫಿರಂಗಿಯಿಂದ ರಾಯನ ಸೈನ್ಯ ಚದುರಿತು, ರಾಯನು ತಿರುಗಿ ಬಿದ್ದು ಎಲ್ಲರನ್ನೂ ಹೊಳೆಗೆ ನೂಕಿದ, ದಂಡೆಲ್ಲ ಮುಳುಗಿತು, ಸುಲ್ತಾನ ಮಾತ್ರ ಆನೆಯ ಮೇಲೆ ಹೊಳೆ ದಾಟಿ ಪಾರಾದ. ಈ ಕೊನೆಯ ವಾಕ್ಯವನ್ನು ನಾನು ಅಂದೂ ನಂಬಲಿಲ್ಲ. ಹೆದರಿದ ಕುದುರೆಗಳು, ಒಬ್ಬರ ಮೇಲೊಬ್ಬರು ಬೀಳುವ ಸಾವಿರಾರು ಜನ, ಹಿಂದಿನಿಂದ ಬೆನ್ನಟ್ಟುವ ಶತ್ರು. ಇವೆಲ್ಲದರ ನಡುವೆ ಒಂದು ಆನೆ ಸಾವಧಾನವಾಗಿ ಈಸಿ ಆಚೆ ಏರಿತೆಂದರೆ ಹೇಗೆ ಒಪ್ಪುವುದು? ಒಂದು ದಿನ ಊರಿನ ಚಹದಂಗಡಿಯಲ್ಲಿ ಎಲ್ಲರ ಮುಂದೆ ಇದನ್ನು ಹೇಳಿಬಿಟ್ಟೆ. ಅಲ್ಲಿದ್ದ ಮಾಸ್ತರರು ನಕ್ಕರು.

“ಅಲ್ಲೋ ಪಂಪಣ್ಣ, ಆಮ್ಯಾಗೂ ಬಿಜಾಪುರ ಆಳಿದಾಂವ ಅವನ ಅಲ್ಲೇನು? ಮುಳುಗಿದಾಂವ ಹೆಂಗ ಆಳ್ತಾನ?”

“ಆಮ್ಯಾಗ ಆಳಿದಾಂವ ಅವನ ಅಂತ ಯಾರು ನೋಡ್ಯಾರ್ರಿ? ಅಂಬಾರ್ಯಾಗ ಕುಂತವನ ಮಾರಿ ರಸ್ತಾದಾಗ ನಿಂತವಗ ಕಾಣತೈತೇನ್ರಿ?”

ಚಹದಂಗಡಿಯೆಲ್ಲ ನಕ್ಕಿತು. “ನಾಲ್ಕನೇತ್ತ ಓದಿದವರ ಇತಿಹಾಸ” ಎಂದು ಯಾರೋ ಹೇಳಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಮರಪ್ಪ. “ಆತಲೇ, ಈ ಬ್ಯಾಸಗಿ ಆಡಿ ನೋಡೂಣು. ನನ್ನ ಆನಿ ದಾಟಿದ್ರ ಮಾಸ್ತರ ಖರೆ. ಮುಳುಗಿದ್ರ ನೀ ಖರೆ. ಇಲ್ಲೇ ಬಂದು ಎಲ್ಲರ ಮುಂದ ಹೇಳೂದು.” ಹೀಗೆ ಒಂದು ಆಟದ ಮೇಲೆ ನನ್ನ ಮಾನ ಕೂತಿತು.

ಆ ಬೇಸಿಗೆಗೆ ಒಂದು ಅವಸರವೂ ಇತ್ತು. ಹೊಲಗಾಲುವೆಯನ್ನು ನಮ್ಮ ಮೇಲ್ಬದುವಿನವರೆಗೆ ಅಗೆದು ಬಿಟ್ಟಿದ್ದರು. ಮಳೆಗಾಲದೊಳಗೆ ನೀರು ಬರುವುದೆಂದು ಸುದ್ದಿ. ನೀರು ಬಂದ ಮೇಲೆ ನೆಲ ಮಟ್ಟ ಮಾಡಿ ಮಡಿ ಕಟ್ಟುತ್ತಾರೆ. ಮತ್ತೆ ಬಿರುಕು ಬಿಡುವುದಿಲ್ಲ. ಅಮರಪ್ಪನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಆಗಿತ್ತು. ಬರುವ ಸೋಮವಾರ ಹಾಜರಾಗಬೇಕು. ಊರೆಲ್ಲ ನೀರಿಗಾಗಿ ಕಾಯುತ್ತಿದ್ದಾಗ, ಅದು ಇನ್ನೊಂದು ವಾರ ತಡವಾಗಲಿ ಎಂದು ಬೇಡಿದವನು ಆ ಸೀಮೆಯಲ್ಲಿ ನಾನೊಬ್ಬನೇ ಇದ್ದಿರಬೇಕು.

ಆ ಭಾನುವಾರ ಬೆಳಗಿನಿಂದ ಆಡಿದೆವು. ನಡುಹೊತ್ತಿಗೆ ಪಠ್ಯಪುಸ್ತಕದಲ್ಲಿ ಇದ್ದಂತೆಯೇ ಎಲ್ಲವೂ ನಡೆದಿತ್ತು. ನನಗೆ ಅದೇ ಸಂಕಟ. ಗುಲಗಂಜಿಗಳು ನನ್ನ ಮುಂಚೂಣಿಯನ್ನು ಕೆಡವಿದವು. ನಾನು ಎರಡನೆಯ ಸಾಲನ್ನು ನುಗ್ಗಿಸಿದೆ. ಅಮರಪ್ಪನ ದಂಡು ಒಂದೊಂದಾಗಿ ಕೃಷ್ಣೆಯೊಳಗೆ ಉರುಳಿತು. ಕೊನೆಗೆ ದಂಡೆಯ ತುದಿಯಲ್ಲಿ ಹಿತ್ತಾಳೆಯ ಆನೆ ಒಂದೇ ನಿಂತಿತು. ನಾಲ್ಕರಲ್ಲಿ ಮೂರು ಬಿಳಿ ಬಿದ್ದರೆ ಅದು ದಾಟುತ್ತದೆ. ಇಲ್ಲವಾದರೆ ಬಿರುಕಿನ ಪಾಲು.

ವಲ್ಲಿ ಹಾಸಬೇಕು. ನನ್ನ ವಲ್ಲಿಯಲ್ಲಿ ಆ ದಿನ ಅವ್ವ ರೊಟ್ಟಿ ಕಟ್ಟಿ ಕಳಿಸಿದ್ದಳು. ಅದಕ್ಕೆ ಪುಂಡಿಪಲ್ಯದ ಎಣ್ಣೆ ಹತ್ತಿ ಹೋಳುಗಳು ಅಂಟುತ್ತಿದ್ದವು. ಅಮರಪ್ಪನದು ಅವನ ತಲೆಗೆ ಸುತ್ತಿತ್ತು.

“ರುಮಾಲ ಬಿಚ್ಚಲೇ.”

“ಬಿಸಲಾಗ ಸುಲ್ತಾನ ತಲಿ ಬರಿದು ಮಾಡ್ಕೊಂಡು ನಿಂದ್ರಬೇಕೇನು? ನೆಲದ ಮ್ಯಾಲ ಒಗೀತೀನಿ, ಬಿಡು.”

ನಾನು ಬೇಡ ಎನ್ನುವುದರೊಳಗೆ ಅವನು ಹೋಳುಗಳನ್ನು ಚೆಲ್ಲಿಯೇಬಿಟ್ಟ. ಗಟ್ಟಿ ಹೆಂಟೆಗೆ ತಾಗಿ ಅವು ಪುಟಿದವು. ಪುಟಿದು, ಒಂದರ ಹಿಂದೊಂದು, ನಾಲ್ಕೂ ಬಿರುಕಿನೊಳಗೆ ಬಿದ್ದುಹೋದವು.

ಇಬ್ಬರೂ ಬೋರಲಾಗಿ ಮಲಗಿ ಒಳಗೆ ಕಣ್ಣಿಟ್ಟೆವು. ಕತ್ತಲು. “ಮೂರು ಬೆಳ್ಳಗ ಕಂಡ್ವು, ಬೀಳುವಾಗ ನೋಡೀನಿ!” ಎಂದು ಅಮರಪ್ಪ ಕೂಗಿದ. ಬೀಳುವಾಗಿನದು ಲೆಕ್ಕವಲ್ಲ, ಬಿದ್ದ ಮೇಲಿನದು ಲೆಕ್ಕ ಎಂದು ನಾನು ಕೂಗಿದೆ. ಅವನು ಮೊಣಕೈವರೆಗೆ ತೋಳು ಇಳಿಸಿ ತಡಕಾಡಿದ. ನಾನು ಮತ್ತೆ ಚೆಲ್ಲಬೇಕೆಂದೆ. ಒಮ್ಮೆ ಒಗೆದದ್ದು ಒಗೆದ ಹಾಗೆ ಎಂದ ಅವನು. ನಮ್ಮ ಗದ್ದಲದಲ್ಲಿ ಮೇಲ್ಬದುವಿನ ಕಡೆಯ ಕೂಗಾಟ ಯಾವುದೂ ಕಿವಿಗೆ ಬೀಳಲಿಲ್ಲ. ಪರೀಕ್ಷೆಗೆಂದು ಆ ದಿನವೇ ಕಾಲುವೆಗೆ ನೀರು ಬಿಟ್ಟಿದ್ದರು. ಅಗೆದಿಟ್ಟ ಹೊಲಗಾಲುವೆ ಒಂದು ಕಡೆ ಕುಸಿದು, ನೀರು ನಮ್ಮ ಹೊಲಕ್ಕೆ ತಿರುಗಿತ್ತು.

ಬಿರಿದ ಎರೆನೆಲಕ್ಕೆ ಮೊದಲ ನೀರು ಬರುವುದನ್ನು ನೋಡಿದವರು ಈಗ ಕಡಿಮೆ. ಅದು ಮೇಲೆ ಹರಿದು ಬರುವುದಿಲ್ಲ, ಬಿರುಕಿನೊಳಗಿಂದ ಬರುತ್ತದೆ. ಗುಳುಗುಳು ಸದ್ದು ಮೊದಲು, ಬಿಸಿ ಮಣ್ಣಿನ ವಾಸನೆ ಆಮೇಲೆ, ನೊರೆಗೂಡಿದ ಕೆಂಪು ನೀರು ಕೊನೆಗೆ. ನಮ್ಮ ಕಣ್ಣೆದುರೇ ಕೃಷ್ಣೆಗೆ ನಿಜವಾದ ಪ್ರವಾಹ ಬಂತು. ದಂಡೆಯ ಹೆಂಟೆ ಕರಗಿ ಕುಸಿಯಿತು, ಅದರ ಮೇಲಿದ್ದ ಆನೆ ವಾಲಿತು. ಅಷ್ಟರಲ್ಲಿ ನೀರು ಅಂಚು ಮೀರಿ ಎತ್ತು, ಪದಾತಿ, ಎರಡು ಹೊಳೆ, ನಡುವಿನ ದೋಆಬ ಎಲ್ಲವನ್ನೂ ಒಂದೇ ಬಣ್ಣ ಮಾಡಿತು. ನಾನು ಛಟಾಕನ್ನು ಮಾತ್ರ ಕೈಗೆತ್ತಿಕೊಂಡೆ. ಹಿಂದೆ ಬದುವಿನ ಮೇಲೆ ಊರ ಜನ ನೀರು ಬಂತೆಂದು ಕುಣಿಯುತ್ತಿದ್ದರು. ನಾವಿಬ್ಬರು ಮೊಣಕಾಲುದ್ದ ರಾಡಿಯಲ್ಲಿ ನಿಂತು, ದಾಟಿತು, ದಾಟಲಿಲ್ಲ ಎಂದು ಜಗಳಾಡುತ್ತಿದ್ದೆವು.

ಸೋಮವಾರ ಅಮರಪ್ಪ ಹಟ್ಟಿಗೆ ಹೋದ. ಹೋಗುವ ದಾರಿಯಲ್ಲಿ ಚಹದಂಗಡಿಗೆ ಹೊಕ್ಕು, ತನ್ನ ಆನೆ ದಾಟಿತೆಂದು ಸಾರಿ ಹೋದ. ಅಂದಿನಿಂದ ಊರಿನ ಮಟ್ಟಿಗೆ ಅದು ಇತಿಹಾಸವಾಯಿತು. ನಾನು ಎದುರು ವೃತ್ತಾಂತವನ್ನು ಬಿಡದೆ ಹೇಳುತ್ತ ಬಂದೆ. ಆದರೆ ಸೋತವನು ಹೇಳುವ ಕತೆಯನ್ನು ಜನ ಕೇಳುವ ರೀತಿಯೇ ಬೇರೆ.

ಆಮೇಲೆ ನಾವು ಸೇರುತ್ತಿದ್ದದ್ದು ಮದುವೆಗಳಲ್ಲಿ, ಮಣ್ಣು ಕೊಡುವ ಮನೆಗಳಲ್ಲಿ. ಗಣಿಯ ಪಾಳಿ ಮುಗಿಸಿ ಬಂದವನ ಕಣ್ಣು ಬೆಳಕಿಗೆ ಒಗ್ಗದೆ ಕಿರಿದಾಗಿರುತ್ತಿತ್ತು. ಕ್ಷೇಮಸಮಾಚಾರ ನಮ್ಮಲ್ಲಿರಲಿಲ್ಲ. ಅವನು ದೂರದಿಂದಲೇ “ದಾಟ್ಯಾನ” ಎನ್ನುತ್ತಿದ್ದ. ನಾನು “ದಾಟಿಲ್ಲ” ಎನ್ನುತ್ತಿದ್ದೆ. ಆಮೇಲೆ ಊಟದ ಪಂಕ್ತಿಗೆ ಒಟ್ಟಿಗೆ ಕೂಡುತ್ತಿದ್ದೆವು. ಅವ್ವ ತೀರಿಕೊಂಡ ದಿನವೂ ಅವನು ಬಂದು, ಬಹಳ ಹೊತ್ತು ಕೂತಿದ್ದು, ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ ಸಣ್ಣ ದನಿಯಲ್ಲಿ ಅದನ್ನೇ ಅಂದ. ನಾನೂ ಸಣ್ಣ ದನಿಯಲ್ಲಿ ನನ್ನದನ್ನು ಅಂದೆ. ಆ ದಿನ ಅದಕ್ಕಿಂತ ಹೆಚ್ಚು ಸಮಾಧಾನ ನನಗೆ ಯಾರೂ ಹೇಳಲಿಲ್ಲ.

ಈ ವರ್ಷ ನಾಟಿಗೆ ಮುಂಚೆ ಅದೇ ಕೆಳಗಿನ ಹೊಲದಲ್ಲಿ ಟ್ರ್ಯಾಕ್ಟರಿನಿಂದ ಕೆಸರು ಹೊಡೆಸುತ್ತಿದ್ದಾಗ, ಸಸಿ ಹಚ್ಚಲು ಬಂದಿದ್ದ ಒಬ್ಬ ಹೆಣ್ಣುಮಗಳು ಬದುವಿನ ಮೇಲಿದ್ದ ನನ್ನನ್ನು ಕೂಗಿದಳು. “ಯಜಮಾನ್ರ, ಕಾಲಿಗೆ ಏನೋ ಚುಚ್ಚಿತ್ರಿ. ನೋಡ್ರಿ, ಆನಿ!”

ಎರೆನೆಲ ನುಂಗಿದ್ದನ್ನು ಒಂದಲ್ಲ ಒಂದು ದಿನ ಮೇಲಕ್ಕೆ ತಳ್ಳುತ್ತದೆಂದು ನಮ್ಮ ಕಡೆಯ ರೈತರಿಗೆಲ್ಲ ಗೊತ್ತು. ಆರಿಸಿದಷ್ಟೂ ಕಲ್ಲು ಬರುವುದು ಅದಕ್ಕೇ. ಆದರೂ ಅಂಗೈ ಮೇಲೆ ಹಸಿರುಗಟ್ಟಿದ ಆ ಆನೆ ಕೂತಾಗ ಅದರ ಕೆಸರನ್ನು ಎರಡು ಸಲ ಒರೆಸಿ ನೋಡಿದೆ. ಎಲ್ಲಿ ಸಿಕ್ಕಿತೆಂದು ಕೇಳಿದೆ. ಅವಳು ತೋರಿಸಿದ್ದು ಕೃಷ್ಣೆಯ ತೆಂಕಣ ದಂಡೆ. ಅಂದರೆ ಈಚೆ. ಅಂದರೆ ಸುಲ್ತಾನ ದಾಟಿರಲಿಲ್ಲ! ಅಂದಿನ ಸಂಜೆ ನಾನು ಕೂತಲ್ಲಿ ಕೂಡಲಿಲ್ಲ. ಅಂಗಳದಲ್ಲಿ ಆ ಕಡೆ ಈ ಕಡೆ ನಡೆದೆ. ಸೊಸೆ ಎಣ್ಣೆ ಕಾಯಿಸಲೇ ಎಂದು ಎರಡು ಸಲ ಕೇಳಿದಳು. ಮಾಸ್ತರರು ಬದುಕಿದ್ದರೆ ಆಗಲೇ ಹೋಗಿ ಬಾಗಿಲು ತಟ್ಟುತ್ತಿದ್ದೆ.

ಮರುದಿನ ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗ ಅನುಮಾನ ಬಂತು. ಕೃಷ್ಣೆಯ ದಂಡೆ ಎಂದು ನಾನು ಯಾವ ಆಧಾರದ ಮೇಲೆ ಹೇಳುತ್ತಿದ್ದೇನೆ? ಹಳೆಯ ಬದು ಇಲ್ಲ. ನೆಲ ಮಟ್ಟ ಮಾಡಿದ ಯಂತ್ರ ಈಚಿನ ಮಣ್ಣನ್ನು ಆಚೆ, ಆಚಿನದನ್ನು ಈಚೆ ನೂಕಿದೆ. ಎಷ್ಟೋ ವರ್ಷ ಟ್ರ್ಯಾಕ್ಟರು ತಿರುವಿದೆ. ಎರೆಮಣ್ಣು ತಾನೂ ಸುಮ್ಮನಿರುವ ಮಣ್ಣಲ್ಲ. ಬೇರೆ ಯಾರಾದರೂ ಇಂಥ ಸಾಕ್ಷಿ ತಂದಿದ್ದರೆ ನಾನು ನಕ್ಕು ಕಳಿಸುತ್ತಿದ್ದೆ. ಈ ಯೋಚನೆಯನ್ನು ಹೊತ್ತು ಮನೆಯಲ್ಲಿರಲು ಆಗಲಿಲ್ಲ. ಆನೆಯನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಹಟ್ಟಿಯ ಬಸ್ಸು ಹತ್ತಿದೆ.

ಮಸ್ಕಿಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಪಕ್ಕದಲ್ಲಿದ್ದವನು, ಅಲ್ಲಿಯ ಗುಡ್ಡದ ಕಲ್ಲಿನ ಮೇಲೆ ಯುದ್ಧ ಮಾಡಿ ಮರುಗಿದ ಮೌರ್ಯ ದೊರೆ ತನ್ನ ಮರುಕವನ್ನು ಕೆತ್ತಿಸಿದ್ದಾನೆಂದು ತನ್ನ ಮಗಳಿಗೆ ಹೇಳುತ್ತಿದ್ದ. ಆ ಕಲ್ಲಿನಲ್ಲಿ ಮರುಕದ ಮಾತಿಲ್ಲ. ಅರ್ಥ ಹೇಳಬಲ್ಲವರಿಂದ ಓದಿಸಿ ಖಾತ್ರಿ ಮಾಡಿಕೊಂಡಿದ್ದೇನೆ. ಬೇರೆ ದಿನವಾಗಿದ್ದರೆ ಅವನ ಜೊತೆ ಲಿಂಗಸುಗೂರಿನವರೆಗೆ ವಾದ ಮಾಡುತ್ತಿದ್ದೆ. ಅಂದು ಕಿಸೆ ಮುಟ್ಟಿಕೊಂಡು ಸುಮ್ಮನಿದ್ದೆ.

ಗಣಿಯಿಂದ ನಿವೃತ್ತನಾದ ಮೇಲೆ ಅಮರಪ್ಪ ಕಂಪನಿಯ ಕ್ವಾರ್ಟರ್ಸ್ ಬಿಟ್ಟು ಹಟ್ಟಿಯಲ್ಲಿಯೇ ಮನೆ ಕಟ್ಟಿಕೊಂಡಿದ್ದಾನೆ. ಕಟ್ಟೆಯ ಮೇಲೆ ಕೂತಿದ್ದವನು ನನ್ನನ್ನು ಕಂಡೊಡನೆ “ದಾಟ್ಯಾನ” ಎಂದ. ನಾನು ಉತ್ತರ ಕೊಡದೆ ಆನೆಯನ್ನು ಅವನ ಅಂಗೈಯಲ್ಲಿಟ್ಟೆ.

ಅವನು ಅದನ್ನು ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ. ಒಳಗಿಂದ ಬಂದ ಅವನ ಹೆಂಡತಿ ಶರಣಮ್ಮ ಅದನ್ನು ಕಂಡು, ತಿರುಗಿ ಹೋಗಿ, ಹಳೆಯ ಕುಂಕುಮ ಭರಣಿಯನ್ನು ತಂದಳು. ಮುಚ್ಚಳದ ಮೇಲೆ ಒಂದು ತೂತು ಇತ್ತು. ಆನೆಯ ಕಾಲಡಿಯ ಮೊಳೆ ಅದರಲ್ಲಿ ಸಲೀಸಾಗಿ ಕೂತಿತು.

“ನಿಮ್ಮ ಯುದ್ಧಕ್ಕ ಬೆಂಕಿ ಹಚ್ಚ” ಎಂದಳು ಶರಣಮ್ಮ. “ನಮ್ಮತ್ತಿ ಸಾಯೂತನ ನನ್ನ ಮ್ಯಾಲ ಗುಮಾನಿ ಇಟ್ಟಿದ್ಲು, ಹೊಸದಾಗಿ ಬಂದ ಸೊಸಿ ಕಳದಾಳ ಅಂತ. ಅಣ್ಣಾರ, ನೀವಾರ ಒಂದು ಮಾತು ಹೇಳಬಾರ್ದಿತ್ತೇನ್ರಿ?”

ಅಮರಪ್ಪ ಆಕಾಶ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, “ಯಾವ ಕಡೆ ಸಿಕ್ತಲೇ?” ಎಂದ.

“ಈಚಿ ದಂಡ್ಯಾಗ.”

ಅವನು ಬೆರಳಿನಿಂದ ಆನೆಯ ಸೊಂಡಿಲು ಸವರಿದ. “ಹಂಗಾರ ನೀನ ಖರೆ” ಎಂದ. “ದಾಟಿಲ್ಲ.”

ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು. ಕಿವಿಗೆ ಬಿದ್ದೊಡನೆ ನಾನೇ ಅದಕ್ಕೆ ಅಡ್ಡಬಂದೆ. “ಏ, ಹಂಗ ಹೆಂಗ ಒಪ್ತಿ?” ಎಂದೆ. “ನೆಲಾ ಲೆವಲ್ ಮಾಡ್ಯಾರ. ಟ್ರ್ಯಾಕ್ಟರ್ ತಿರುವ್ಯಾವ. ಆಚಿ ದಂಡ್ಯಾಗಿದ್ದದ್ದು ಈಚಿ ಬಂದಿರಬೌದು. ಇದು ಸಾಕ್ಷಿ ಅಲ್ಲ.”

“ಇಲ್ಲಲೇ ಪಂಪ್ಯಾ. ಹರೇದ ಕಾಲ ಎಲ್ಲಾ ನೆಲದ ತಳಗ ಇದ್ದು ಬಂದೀನಿ. ಮ್ಯಾಲಿಂದ ಮಣ್ಣು ಕುಸಿಯಾಕತ್ತಿದಾಗ ಯಾಂವ ದಾಟ್ತಾನ, ಯಾಂವ ದಾಟೂದಿಲ್ಲ, ನಾ ನೋಡೀನಿ. ಆ ಆನಿ ದಾಟಿಲ್ಲ. ಒಳಗ ಇಳದ ಮೊದಲನೇ ವರ್ಷದಾಗ ನನಗ ಗೊತ್ತಾತು. ನಿನ್ನ ಮುಂದ ಹೇಳಿದ್ರ ಮತ್ತ ಏನು ಮಾತಾಡೂದಿತ್ತು?”

ಊಟ ಮಾಡಿದೆವು. ಶರಣಮ್ಮ ಭರಣಿಯನ್ನು ದೇವರ ಗೂಡಿನಲ್ಲಿಟ್ಟು ಬಂದು ಬಡಿಸಿದಳು. ನನಗೆ ರುಚಿ ತಿಳಿಯಲಿಲ್ಲ. ಬಸ್ ನಿಲ್ದಾಣದವರೆಗೂ ಅಮರಪ್ಪ ಕೋಲೂರಿಕೊಂಡು ಬಂದ. ನಾನು ಕಿಟಕಿಯ ಪಕ್ಕ ಕೂತೆ. ಬಸ್ಸಿನ ಇಂಜಿನು ಗುಡುಗಿತು. ಮುಂದಿನ ಮದುವೆಯಲ್ಲೋ ಮಣ್ಣಿನಲ್ಲೋ ಇವನನ್ನು ಕಂಡಾಗ ನಾವಿಬ್ಬರೂ ಏನು ಮಾತಾಡುವುದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆಗ ನನಗೆ ಇನ್ನೊಂದು ಸಂಗತಿ ಹೊಳೆಯಿತು: ಆನೆಗೆ ಈಜು ಬರುತ್ತದೆ. ಅಂಥ ದೊಡ್ಡ ಪ್ರಾಣಿ ನುಗ್ಗಿದರೆ ಎದುರಿನ ಕುದುರೆ, ಜನ ಎಲ್ಲ ತಾವಾಗಿಯೇ ಸರಿದು ದಾರಿ ಬಿಟ್ಟಿರಬೇಕು. ಸುಲ್ತಾನ ಪಾರಾಗಲು ಅದಕ್ಕಿಂತ ಹೆಚ್ಚೇನು ಬೇಕಿತ್ತು? ಇಷ್ಟು ವರ್ಷ ನಾನು ಇದನ್ನು ಯೋಚಿಸಿರಲೇ ಇಲ್ಲ.

ಬಸ್ಸು ಹೊರಳಿತು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕಂಡಕ್ಟರ್ ಗದರಿಸುತ್ತಿದ್ದರೂ ಬಿಡದೆ, ಕೂಗಿದೆ:

“ಲೇ ಅಮರ‍್ಯಾ! ದಾಟ್ಯಾನ!”

ಧೂಳಿನೊಳಗೆ ಅವನು ಕೋಲು ಎತ್ತಿದ್ದು ಕಂಡಿತು. ಅವನ ದನಿ ಹರೆಯದ ದನಿಯೇ ಆಗಿತ್ತು.

“ದಾಟಿಲ್ಲಲೇ! ದಾಟಿಲ್ಲ!”